ಊರ ಅಕ್ಕಿಗೆ ಊರ ಹೆಸರು: ವಡಗಾವಿ ಶಿವಾರದಿಂದ ಒಂದು ಪಾಠ



ಬೆಳಗಾವಿ ನಗರದ ದಕ್ಷಿಣದ ಅಂಚಿನಲ್ಲಿ ವಡಗಾವಿ ಇದೆ. ಓಣಿಗಳಲ್ಲಿ ಮಗ್ಗದ ಸದ್ದು, ಓಣಿ ದಾಟಿದರೆ ಭತ್ತದ ಹೊಲ. ವಡಗಾವಿ, ಶಹಾಪುರ, ಅನಗೋಳ, ಯಳ್ಳೂರ ಶಿವಾರಗಳಲ್ಲಿ ಹಿಂದಿನಿಂದಲೂ ಬೆಳೆದುಕೊಂಡು ಬಂದ ಸುವಾಸನೆಯ ಭತ್ತವೊಂದುಂಟು. ಅದರ ಅನ್ನ ಕುದಿಯುತ್ತಿದ್ದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಜನ ಇದನ್ನು ‘ಬೆಳಗಾವಿ ಬಾಸ್ಮತಿ’ ಎಂದು ಕರೆಯುತ್ತಾರೆ.

ಇಷ್ಟು ಒಳ್ಳೆಯ ಅಕ್ಕಿ ಇದ್ದೂ ಬೆಳೆಗಾರನ ಕೈಗೆ ಅದಕ್ಕೆ ತಕ್ಕ ಬೆಲೆ ಬರುವುದು ಕಷ್ಟವಾಗಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಈ ಲೇಖನದಲ್ಲಿ ವಿಚಾರ ಮಾಡೋಣ. ಅದು ಹೆಸರಿನ ಪ್ರಶ್ನೆ. ಪೇಟೆಯವರು ಇದನ್ನು ‘ಬ್ರ್ಯಾಂಡ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೆಸರು, ಗುರುತು, ಛಾಪು ಎಂದರೂ ಅದೇ. ಬೆಳೆ ತೆಗೆಯುವುದನ್ನು ಕಲಿತಷ್ಟೇ ಕಾಳಜಿಯಿಂದ ಬೆಳೆಯ ಹೆಸರನ್ನು ಕಟ್ಟುವುದನ್ನೂ ನಾವು ಕಲಿಯಬೇಕಾಗಿದೆ.

ಎರವಲು ಹೆಸರಿನ ತೊಡಕು

‘ಬಾಸ್ಮತಿ’ ಎಂಬ ಹೆಸರು ವಡಗಾವಿಯದಲ್ಲ. ಅದು ಹಿಮಾಲಯದ ತಪ್ಪಲಿನ ಬಯಲು ಸೀಮೆಯ ಉದ್ದನೆಯ ಅಕ್ಕಿಯ ಹೆಸರು. ೧೯೯೭ರಲ್ಲಿ ಅಮೆರಿಕದ ಟೆಕ್ಸಾಸಿನ ರೈಸ್‌ಟೆಕ್ ಎಂಬ ಕಂಪನಿ ಬಾಸ್ಮತಿ ಅಕ್ಕಿಯ ತಳಿ ಹಾಗೂ ಕಾಳುಗಳ ಬಗ್ಗೆ ಪೇಟೆಂಟ್ ಪಡೆಯಿತು. ಭಾರತ ಸರಕಾರ ಆಕ್ಷೇಪಣೆ ಎತ್ತಿತು. ಕಂಪನಿಯು ತನ್ನ ಬಹುಪಾಲು ಹಕ್ಕುಗಳನ್ನು ಬಿಟ್ಟುಕೊಡಬೇಕಾಯಿತು. ಒಂದು ಬೆಳೆಯ ಹೆಸರಿಗಾಗಿ ದೇಶ ದೇಶಗಳ ನಡುವೆ ವ್ಯಾಜ್ಯ ನಡೆಯಬಹುದೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

ನಮ್ಮ ದೇಶದಲ್ಲಿ ಊರಿನ ಹೆಸರಿನಿಂದ ಪ್ರಸಿದ್ಧವಾದ ಸರಕುಗಳ ರಕ್ಷಣೆಗಾಗಿ ೧೯೯೯ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆ ಬಂದಿತು. ೨೦೦೩ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಜನರ ಬಾಯಲ್ಲಿ ಇದಕ್ಕೆ ‘ಜಿ.ಐ. ಟ್ಯಾಗ್’ ಎಂದು ಹೆಸರು. ಇದರ ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ಇದೇ ಕಾಯ್ದೆಯ ಕೆಳಗೆ ೨೦೧೬ರ ಫೆಬ್ರುವರಿಯಲ್ಲಿ ‘ಬಾಸ್ಮತಿ’ಯೂ ನೋಂದಣಿಯಾಯಿತು. ಪಂಜಾಬ, ಹರಿಯಾಣ, ಹಿಮಾಚಲ ಪ್ರದೇಶ, ಉತ್ತರಾಖಂಡ, ದೆಹಲಿ ಹಾಗೂ ಉತ್ತರ ಪ್ರದೇಶ, ಜಮ್ಮು ಕಾಶ್ಮೀರಗಳ ಕೆಲವು ಜಿಲ್ಲೆಗಳಿಗೆ ಮಾತ್ರ ಆ ಹೆಸರು ಸೇರಿದ್ದು. ತಮ್ಮ ರಾಜ್ಯವನ್ನೂ ಸೇರಿಸಬೇಕೆಂದು ಮಧ್ಯ ಪ್ರದೇಶದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಹೀಗಿರುವಾಗ ನಮ್ಮ ಅಕ್ಕಿಯ ಚೀಲದ ಮೇಲೆ ‘ಬೆಳಗಾವಿ ಬಾಸ್ಮತಿ’ ಎಂದು ಅಚ್ಚು ಹಾಕಿಸಿ ದೂರದ ಪೇಟೆಗೆ ಕಳಿಸಿದರೆ ಕಾಯ್ದೆಯ ತೊಡಕು ಬರುವ ಸಂಭವವಿದೆ. ಮನೆಯಲ್ಲಿ, ಸಂತೆಯಲ್ಲಿ ಆಡುಮಾತಿಗೆ ಏನೆಂದರೂ ನಡೆದೀತು. ಆದರೆ ಆ ಹೆಸರಿನ ಮೇಲೆ ಬಂಡವಾಳ ಹೂಡುವುದೆಂದರೆ ಬೇರೆಯವರ ಹೊಲದಲ್ಲಿ ಬಾವಿ ತೋಡಿದಂತೆ.

ಇನ್ನೂ ಒಂದು ಹಾನಿ ಇದೆ. ‘ಬಾಸ್ಮತಿ’ ಎಂದ ಕೂಡಲೇ ಗಿರಾಕಿ ಉದ್ದ ಕಾಳನ್ನು ನಿರೀಕ್ಷಿಸುತ್ತಾನೆ. ಉತ್ತರದ ಅಕ್ಕಿಯ ಪಕ್ಕದಲ್ಲಿಟ್ಟು ಅಳೆಯುತ್ತಾನೆ. ನಮ್ಮ ಅಕ್ಕಿಯ ಗುಣ ಅದರದೇ ಆದದ್ದು. ಅದರ ಪರಿಮಳ ಬೇರೆ, ರುಚಿ ಬೇರೆ. ಎರವಲು ಹೆಸರು ಹೊತ್ತ ಕಾರಣಕ್ಕೆ ನಮ್ಮ ಅಕ್ಕಿ ತನ್ನದಲ್ಲದ ಪರೀಕ್ಷೆಯಲ್ಲಿ ಕೂತು ಕಡಿಮೆ ಅಂಕ ಪಡೆಯುತ್ತದೆ.

ಸ್ವಂತ ಹೆಸರಿನಿಂದ ಗೆದ್ದವರು

ಬೆಳಗಾವಿಯಿಂದ ಬಹಳ ದೂರ ಹೋಗುವುದು ಬೇಡ. ಕೊಲ್ಹಾಪುರ ಜಿಲ್ಲೆಯ ಆಜರಾ ತಾಲೂಕು ನಮ್ಮ ಗಡಿಯ ಆಚೆಗೇ ಇದೆ. ಅಲ್ಲಿಯ ಸುವಾಸನೆಯ ಅಕ್ಕಿ ‘ಘನಸಾಳ’. ಅಲ್ಲಿಯ ರೈತರು ತಮ್ಮ ಅಕ್ಕಿಯನ್ನು ಬಾಸ್ಮತಿ ಎನ್ನಲಿಲ್ಲ. ಊರ ಹೆಸರು, ತಳಿಯ ಹೆಸರು ಎರಡನ್ನೂ ಕೂಡಿಸಿ ‘ಆಜರಾ ಘನಸಾಳ’ ಎಂದೇ ೨೦೧೬ರಲ್ಲಿ ಜಿ.ಐ. ನೋಂದಣಿ ಪಡೆದರು. ಕೇರಳದ ವಯನಾಡಿನ ಜೀರಕಶಾಲ, ಗಂಧಕಶಾಲ ಅಕ್ಕಿಗಳೂ ಬಂಗಾಳದ ಗೋವಿಂದಭೋಗ ಅಕ್ಕಿಯೂ ಇದೇ ದಾರಿ ಹಿಡಿದಿವೆ.

ನಮ್ಮ ನಾಡಿನಲ್ಲಿಯೇ ಬ್ಯಾಡಗಿ ಮೆಣಸಿನಕಾಯಿ ಇದೆ. ೨೦೧೧ರಲ್ಲಿ ಅದಕ್ಕೆ ಜಿ.ಐ. ದೊರೆಯಿತು. ಆದರೆ ಹೆಸರು ಬಂದದ್ದು ಕಾಗದದಿಂದಲ್ಲ. ಕಡು ಕೆಂಪು ಬಣ್ಣ, ಕಡಿಮೆ ಖಾರ, ಸುಕ್ಕು ಸುಕ್ಕಾದ ಸಿಪ್ಪೆ ಇವು ಮೊದಲೇ ಇದ್ದವು. ಕಣ್ಣಿಗೆ ಕಾಣುವ, ಬಾಯಿಗೆ ತಿಳಿಯುವ ಗುರುತು ಇದ್ದುದರಿಂದಲೇ ಹೆಸರು ನಿಂತಿತು. ಧಾರವಾಡ ಪೇಡೆ, ಇಳಕಲ್ ಸೀರೆಗಳ ಸಂಗತಿಯೂ ಹೀಗೆಯೇ.

‘ನಂದಿನಿ’ ಹಾಲಿನ ಉದಾಹರಣೆ ಇನ್ನೂ ಹತ್ತಿರದ್ದು. ಅದು ಹಾಲು ಉತ್ಪಾದಕರ ಸಹಕಾರಿ ಸಂಘಗಳ ಮಹಾಮಂಡಳದ ಹೆಸರು. ಹಳ್ಳಿಯ ಡೇರಿಯಲ್ಲಿ ಹಾಲನ್ನು ಅಳೆದು, ಕೊಬ್ಬಿನ ಅಂಶ ಪರೀಕ್ಷಿಸಿ, ಪುಸ್ತಕದಲ್ಲಿ ಬರೆಯುತ್ತಾರೆ. ಪೇಟೆಯ ಗೋಡೆಯ ಮೇಲಿನ ಜಾಹೀರಾತಿಗಿಂತ ಈ ಅಳತೆಯೇ ಆ ಹೆಸರಿನ ಬುನಾದಿ.

ಈ ಉದಾಹರಣೆಗಳಿಂದ ತಿಳಿಯುವುದಿಷ್ಟು: ಹೆಸರೆಂದರೆ ಗಿರಾಕಿಗೆ ಕೊಟ್ಟ ಮಾತು. ಇಂದು ಕೊಂಡದ್ದು ಹೇಗಿತ್ತೋ ಬರುವ ವರ್ಷ ಕೊಳ್ಳುವುದೂ ಹಾಗೆಯೇ ಇರುತ್ತದೆ ಎಂಬ ಭರವಸೆಗೆ ಅವನು ನಾಲ್ಕು ರೂಪಾಯಿ ಹೆಚ್ಚು ಕೊಡುತ್ತಾನೆ. ಆ ಮಾತನ್ನು ಉಳಿಸಿಕೊಳ್ಳುವ ಕೆಲಸ ಹೊಲದಲ್ಲಿಯೇ ಆರಂಭವಾಗುತ್ತದೆ.

ಹೆಸರು ಹುಟ್ಟುವುದು ಬೀಜದಲ್ಲಿ

ಹಳೆಯ ತಳಿಗಳಿಗೆ ದೊಡ್ಡ ಶತ್ರು ಎಂದರೆ ಬೆರಕೆ. ಭತ್ತದಲ್ಲಿ ಪರಕೀಯ ಪರಾಗಸ್ಪರ್ಶ ಬಹಳ ಕಡಿಮೆ, ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಹಾಗಾದರೆ ಬೆರಕೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ನಮ್ಮ ಕಣದಿಂದ, ಚೀಲದಿಂದ, ರಾಶಿ ಯಂತ್ರದಿಂದ, ಹಿಂದಿನ ವರ್ಷ ಹೊಲದಲ್ಲಿ ಉದುರಿದ ಕಾಳಿನಿಂದ. ಇದು ನಮ್ಮ ಕೈಯಲ್ಲಿರುವ ವಿಷಯ. ಕೆಳಗಿನಂತೆ ಮಾಡಿರಿ:

೧. ಬೀಜಕ್ಕಾಗಿ ಬೇರೆ ತುಂಡು ಹೊಲವನ್ನು ಆರಿಸಿರಿ. ಹಿಂದಿನ ವರ್ಷ ಬೇರೆ ತಳಿಯ ಭತ್ತ ಬೆಳೆದ ಹೊಲ ಬೇಡ. ಪಕ್ಕದ ತಳಿಯಿಂದ ಕನಿಷ್ಠ ೩ ಮೀಟರ್ ಅಂತರವಿರಲಿ.

೨. ತಳಿಯ ಗುಣವಿರುವ ಒಳ್ಳೆಯ ೨೦೦–೩೦೦ ತೆನೆಗಳನ್ನು ಕೈಯಿಂದ ಆರಿಸಿ ತೆಗೆದಿಡಿರಿ. ಮುಂದಿನ ವರ್ಷ ಒಂದೊಂದು ತೆನೆಯ ಕಾಳನ್ನು ಒಂದೊಂದು ಸಾಲಿನಲ್ಲಿ ಬೆಳೆಯಿರಿ. ಬೇರೆಯಾಗಿ ಕಂಡ ಸಾಲನ್ನು ಪೂರ್ತಿ ಕಿತ್ತು ಹಾಕಿರಿ. ಉಳಿದ ಸಾಲುಗಳ ಕಾಳನ್ನು ಕೂಡಿಸಿದರೆ ಶುದ್ಧ ಬೀಜ ಸಿಗುತ್ತದೆ.

೩. ಮರಿ ಒಡೆಯುವಾಗ, ಹೂ ಬಿಡುವಾಗ, ಕೊಯ್ಲಿಗೆ ಮುಂಚೆ ಹೀಗೆ ಮೂರು ಸಲ ಹೊಲದಲ್ಲಿ ಅಡ್ಡಾಡಿ ಬೆರಕೆ ಗಿಡಗಳನ್ನು ಕೀಳಿರಿ. ಕೂರಿಗೆಯಿಂದ ಸಾಲಾಗಿ ಬಿತ್ತಿದ ಹೊಲದಲ್ಲಿ ಈ ಕೆಲಸ ಸುಲಭ.

೪. ರಾಶಿ ಮಾಡುವ ಯಂತ್ರ ಬೇರೆಯವರ ಹೊಲದಿಂದ ಬಂದಿದ್ದರೆ ಮೊದಲು ಪೂರ್ತಿ ಗುಡಿಸಿ ಸ್ವಚ್ಛ ಮಾಡಿಸಿರಿ. ಮೊದಲು ಹೊರಬಿದ್ದ ಭತ್ತವನ್ನು ಬೀಜಕ್ಕೆ ಇಡಬೇಡಿರಿ.

ಪರಿಮಳ ಕಾಯುವ ಬಗೆ

ಸುವಾಸನೆಯ ಅಕ್ಕಿಗಳ ಪರಿಮಳಕ್ಕೆ ಮುಖ್ಯ ಕಾರಣವಾದ ವಸ್ತುವನ್ನು ವಿಜ್ಞಾನಿಗಳು ‘೨-ಅಸಿಟೈಲ್-೧-ಪೈರೊಲಿನ್’ ಎಂದು ಗುರುತಿಸಿದ್ದಾರೆ. ಇದು ಬೇಗ ಹಾರಿಹೋಗುವ ವಸ್ತು. ಕಾಳು ತುಂಬುವಾಗ ಹವೆ ತಂಪಾಗಿದ್ದರೆ ಪರಿಮಳ ಚೆನ್ನಾಗಿ ಕೂಡುತ್ತದೆ. ಒಂದು ಸೀಮೆಯ ಪರಿಮಳದ ಭತ್ತವನ್ನು ಬಿಸಿ ಬಯಲಿಗೆ ಒಯ್ದು ಬೆಳೆದರೆ ಅದೇ ಗುಣ ಬಾರದಿರುವುದಕ್ಕೆ ಇದೂ ಒಂದು ಕಾರಣ. ‘ಊರ ಗುಣ’ ಎಂದು ಹಿರಿಯರು ಹೇಳುವ ಮಾತಿನಲ್ಲಿ ಹುರುಳಿದೆ ಎಂದಾಯಿತು.

ಎತ್ತರದ ಹಳೆಯ ತಳಿಗೆ ಯೂರಿಯಾ ಹೆಚ್ಚಾದರೆ ಬೆಳೆ ನೆಲಕ್ಕೊರಗಿ ಕಾಳು ಜೊಳ್ಳಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಕೊಡಿರಿ. ತೆನೆಯ ಕಾಳುಗಳಲ್ಲಿ ಶೇಕಡಾ ೮೦–೮೫ ಬಂಗಾರದ ಬಣ್ಣಕ್ಕೆ ತಿರುಗಿದಾಗ ಕೊಯ್ಯಿರಿ. ಹೆಚ್ಚು ದಿನ ಬಿಟ್ಟರೆ ಗಿರಣಿಯಲ್ಲಿ ನುಚ್ಚು ಹೆಚ್ಚಾಗುತ್ತದೆ. ಡಾಂಬರು ರಸ್ತೆಯ ಮೇಲೆ ಉರಿಬಿಸಿಲಿಗೆ ಹರವಬೇಡಿರಿ. ತೆಳ್ಳಗೆ ಹರವಿ, ಆಗಾಗ ತಿರುವಿ, ಸಾವಕಾಶವಾಗಿ ಒಣಗಿಸಿರಿ. ಕೂಡಿಡುವ ಭತ್ತದಲ್ಲಿ ತೇವ ಶೇಕಡಾ ೧೪ಕ್ಕಿಂತ ಹೆಚ್ಚಿರಬಾರದು. ಬೀಜದ ಭತ್ತವನ್ನು ಇನ್ನೂ ಸ್ವಲ್ಪ ಹೆಚ್ಚು ಒಣಗಿಸಿರಿ.

ಅಕ್ಕಿಯಾಗಿ ಇಡುವುದಕ್ಕಿಂತ ಭತ್ತವಾಗಿ ಇಡುವುದು ಮೇಲು. ಕೆಲವು ತಿಂಗಳು ಹಳತಾದ ಭತ್ತದ ಅನ್ನ ಉದುರುದುರಾಗಿ ಆಗುತ್ತದೆ. ಬಹಳ ಹಳತಾದರೆ ಪರಿಮಳ ಕುಂದುತ್ತದೆ. ಆದ್ದರಿಂದ ಬೇಡಿಕೆ ಬಂದಂತೆ ಗಿರಣಿಗೆ ಒಯ್ಯಿರಿ. ಗಿರಣಿಯಲ್ಲಿ ನಿಮ್ಮ ಭತ್ತಕ್ಕಿಂತ ಮೊದಲು ಬೇರೆ ಭತ್ತ ಬಿದ್ದಿದ್ದರೆ ಯಂತ್ರ ಖಾಲಿಯಾಗುವವರೆಗೂ ನಿಂತು ನೋಡಿರಿ. ಪಾಲಿಶ್ ಹೆಚ್ಚು ಹೊಡೆಸಿದರೆ ಅಕ್ಕಿ ಹೊಳೆಯುತ್ತದೆ, ಆದರೆ ತೌಡಿನ ಜೊತೆಗೆ ಸತ್ವವೂ ಹೋಗುತ್ತದೆ.

ಕೃತಕ ಸುಗಂಧ ಹಚ್ಚಿದ ಅಕ್ಕಿಯೂ ಪೇಟೆಯಲ್ಲಿ ಸಿಗುವ ಕಾಲ ಇದು. ೨೦೨೩ರ ಆಗಸ್ಟಿನಿಂದ ಬಾಸ್ಮತಿಗೆ ಜಾರಿಯಾದ ಆಹಾರ ಮಾನಕಗಳಲ್ಲಿ ಸಹಜ ಪರಿಮಳವಿರಬೇಕು, ಕೃತಕ ಸುಗಂಧ ಸೇರಿಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ನಮ್ಮ ಅಕ್ಕಿಗೂ ಈ ನಿಯಮವನ್ನು ನಾವೇ ಹಾಕಿಕೊಳ್ಳುವುದು ಒಳ್ಳೆಯದು.

ಎರಡು ಹೆಸರು: ಊರದೊಂದು, ನಿಮ್ಮದೊಂದು

ಊರ ಹೆಸರು ಊರವರೆಲ್ಲರದು. ಅದನ್ನು ಯಾರೊಬ್ಬರೂ ಸ್ವಂತ ಆಸ್ತಿ ಮಾಡಿಕೊಳ್ಳುವಂತಿಲ್ಲ. ಜಿ.ಐ. ನೋಂದಣಿಗೆ ಒಬ್ಬ ರೈತ ಅರ್ಜಿ ಹಾಕಿದರೆ ಸಾಲದು. ಬೆಳೆಗಾರರ ಸಂಘ, ಉತ್ಪಾದಕರ ಸಂಸ್ಥೆ ಅಥವಾ ಅವರ ಹಿತ ಕಾಯುವ ಅಧಿಕೃತ ಸಂಸ್ಥೆ ಹಾಕಬೇಕು. ಬೆಳೆಯುವ ಪ್ರದೇಶದ ನಕಾಶೆ, ಬೆಳೆಯ ವಿಶೇಷ ಗುಣ, ಅದಕ್ಕೂ ಆ ಮಣ್ಣು ಹವೆಗೂ ಇರುವ ಸಂಬಂಧ, ಹಳೆಯ ದಾಖಲೆಗಳು, ಗುಣಮಟ್ಟದ ತಪಾಸಣೆಯ ವ್ಯವಸ್ಥೆ ಇವನ್ನೆಲ್ಲ ತೋರಿಸಬೇಕು. ನೋಂದಣಿ ೧೦ ವರ್ಷಗಳಿಗೆ. ನಂತರ ನವೀಕರಿಸಬಹುದು. ನೋಂದಣಿಯಾದ ಮೇಲೆ ಪ್ರತಿಯೊಬ್ಬ ಬೆಳೆಗಾರನೂ ‘ಅಧಿಕೃತ ಬಳಕೆದಾರ’ನಾಗಿ ಹೆಸರು ಹಚ್ಚಬಹುದು. ಅದರ ಅರ್ಜಿ ಶುಲ್ಕವನ್ನು ೨೦೨೦ರಲ್ಲಿ ೫೦೦ ರೂಪಾಯಿಯಿಂದ ೧೦ ರೂಪಾಯಿಗೆ ಇಳಿಸಲಾಯಿತು.

ತಳಿಯ ಮೇಲಿನ ಹಕ್ಕು ಬೇರೆ. ೨೦೦೧ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ, ರೈತರು ಕಾಪಾಡಿಕೊಂಡು ಬಂದ ತಳಿಯನ್ನು ರೈತರ ತಳಿಯೆಂದು ನೋಂದಾಯಿಸಬಹುದು. ಅದಕ್ಕೆ ರೈತರಿಂದ ನೋಂದಣಿ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಇನ್ನು ನಿಮ್ಮ ಸ್ವಂತ ಹೆಸರು. ಇದಕ್ಕೆ ‘ಟ್ರೇಡ್ ಮಾರ್ಕ್’ ಎನ್ನುತ್ತಾರೆ. ನಿಮ್ಮ ಮನೆತನದ ಹೆಸರು, ಹೊಲದ ಹೆಸರು, ಒಂದು ಚಿತ್ರ ಹೀಗೆ ಏನಾದರೂ ಆಗಬಹುದು. ಬೇರೆಯವರ ಗುರುತನ್ನು ಹೋಲಬಾರದು. ಬರಿಯ ಊರ ಹೆಸರನ್ನಷ್ಟೇ ಹಿಡಿದು ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಇದರ ಅವಧಿಯೂ ೧೦ ವರ್ಷ, ನವೀಕರಣ ಸಾಧ್ಯ. ನಮ್ಮ ಅಕ್ಕಿಯನ್ನು ಕೊಳ್ಳುವವರಲ್ಲಿ ಕನ್ನಡದವರೂ ಮರಾಠಿಯವರೂ ಇದ್ದಾರೆ. ಗೋವೆಯ ಕಡೆಗೆ ಹೋದರೆ ಕೊಂಕಣಿಯವರೂ ಇದ್ದಾರೆ. ಎಲ್ಲರ ಬಾಯಲ್ಲಿಯೂ ಸುಲಭವಾಗಿ ತಿರುಗುವ, ಎರಡು ಮೂರು ಅಕ್ಷರದ ಹೆಸರು ಲೇಸು.

ಊರ ಹೆಸರು ಗಿರಾಕಿಯನ್ನು ಅಂಗಡಿಗೆ ಕರೆತರುತ್ತದೆ. ಅವನು ಮತ್ತೆ ನಿಮ್ಮ ಚೀಲವನ್ನೇ ಹುಡುಕುವಂತೆ ಮಾಡುವುದು ನಿಮ್ಮ ಸ್ವಂತ ಹೆಸರು. ಊರ ಹೆಸರನ್ನು ಕೆಡಿಸಲು ಒಬ್ಬನೇ ಸಾಕು. ಆದ್ದರಿಂದ ಸಂಘದಲ್ಲಿ ಕಟ್ಟುನಿಟ್ಟು ಇರಬೇಕು. ಬೆರಕೆ ಮಾಡಿದವನು ಎಷ್ಟೇ ಹತ್ತಿರದ ನೆಂಟನಾದರೂ ಅವನ ಚೀಲಕ್ಕೆ ಸಂಘದ ಗುರುತು ಸಿಗಬಾರದು.

ಸಂಘ ಕಟ್ಟುವುದು ನಮಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದರು. ಇಂದು ೧೦ ಮಂದಿ ಉತ್ಪಾದಕರು ಸೇರಿ ರೈತ ಉತ್ಪಾದಕ ಕಂಪನಿಯನ್ನೂ ಸ್ಥಾಪಿಸಬಹುದು.

ಲೆಕ್ಕ ಹಾಕಿ ಮುಂದೆ ಹೆಜ್ಜೆ ಇಡಿರಿ

ಹೆಸರು ಕಟ್ಟಲು ಖರ್ಚಿದೆ. ಉದಾಹರಣೆಗೆ ನೋಡಿರಿ: ೧೦ ಕ್ವಿಂಟಲ್ ಭತ್ತದಿಂದ ಸುಮಾರು ೬.೫ ಕ್ವಿಂಟಲ್ ಅಕ್ಕಿ ಬಂತೆಂದು ತಿಳಿಯಿರಿ. ಹೆಸರಿನ ಕಾರಣದಿಂದ ಕಿಲೋಗೆ ೧೦ ರೂಪಾಯಿ ಹೆಚ್ಚು ಸಿಕ್ಕರೆ ಒಟ್ಟು ೬,೫೦೦ ರೂಪಾಯಿ ಹೆಚ್ಚಳ. ಇದರಲ್ಲಿ ಚೀಲ, ಅಚ್ಚು, ಸಾಗಾಟ, ನುಚ್ಚಿನ ನಷ್ಟ, ಮಾರಾಟವಾಗದೆ ಉಳಿದದ್ದು ಎಲ್ಲವನ್ನೂ ಕಳೆಯಬೇಕು. ಒಬ್ಬನೇ ಮಾಡಿದರೆ ಕೈಗೆ ಹತ್ತುವುದು ಸ್ವಲ್ಪವೇ. ಇಪ್ಪತ್ತು ಮಂದಿ ಕೂಡಿ ಚೀಲ ಅಚ್ಚು ಹಾಕಿಸಿ, ಒಂದೇ ಗಾಡಿಯಲ್ಲಿ ಕಳಿಸಿದರೆ ಖರ್ಚು ಹಂಚಿಹೋಗುತ್ತದೆ. ಮೊದಲ ವರ್ಷ ಎಲ್ಲ ಬೆಳೆಯನ್ನೂ ಇದಕ್ಕೆ ಹಾಕಬೇಡಿರಿ. ಕಾಲು ಭಾಗದಿಂದ ಆರಂಭಿಸಿ, ಗಿರಾಕಿ ಮರಳಿ ಬಂದನೇ ಎಂದು ನೋಡಿ ಹೆಚ್ಚಿಸಿರಿ.

ಚಿಲ್ಲರೆ ಮಾರಾಟದ ಚೀಲದ ಮೇಲೆ ಸರಕಿನ ಹೆಸರು, ಚೀಲ ಕಟ್ಟಿದವರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಕಟ್ಟಿದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ಸಂಪರ್ಕ ಇರಬೇಕು. ಆಹಾರ ಸುರಕ್ಷತೆಯ ನೋಂದಣಿ ಹಾಗೂ ತೆರಿಗೆಯ ವಿಷಯವನ್ನು ಮೊದಲೇ ವಿಚಾರಿಸಿರಿ. ೨೦೨೨ರ ಜುಲೈ ೧೮ರಿಂದ ೨೫ ಕಿಲೋವರೆಗಿನ, ಮುಂಚಿತವಾಗಿ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಗೆ ಶೇಕಡಾ ೫ ಜಿ.ಎಸ್.ಟಿ. ಬಂದಿದೆ. ಕಾಯಿದೆ ಕೇಳುವುದಕ್ಕಿಂತ ಒಂದು ಸಾಲು ಹೆಚ್ಚು ಬರೆಯಿರಿ: ಯಾವ ಶಿವಾರದ ಭತ್ತ, ಯಾವ ವರ್ಷದ ಸುಗ್ಗಿ. ಆ ಒಂದು ಸಾಲು ಗಿರಾಕಿಯ ನಂಬಿಕೆಯನ್ನು ಬಲಪಡಿಸುತ್ತದೆ.

ಭತ್ತ ಬೆಳೆಯದವರಿಗೂ ಇದೇ ಮಾತು

ಖಾನಾಪುರ ಕಡೆಯ ರೈತರೇ, ಗೆಣಸು, ಆಲೂಗಡ್ಡೆ, ಕಾಯಿಪಲ್ಲೆ ಬೆಳೆಯುವವರೇ, ಈ ಮಾತು ನಿಮಗೂ ಅನ್ವಯಿಸುತ್ತದೆ. ಚೀಲದ ಮೇಲ್ಭಾಗದಲ್ಲಿ ದಪ್ಪ ಗೆಣಸು, ಕೆಳಗೆ ಸಣ್ಣದು ತುಂಬಿದರೆ ಅಡತಿ ಅಂಗಡಿಯವನು ಎರಡನೇ ಸಲ ಚೀಲ ಸುರಿದೇ ಬೆಲೆ ಕಟ್ಟುತ್ತಾನೆ. ಮೇಲೆ ಕೆಳಗೆ ಒಂದೇ ಸಮ ತುಂಬುವವನ ಚೀಲವನ್ನು ಸುರಿಯದೆ ತೂಗುತ್ತಾರೆ. ಅವನಿಗೆ ಚೀಲದ ಮೇಲೆ ಚಿತ್ರವಿಲ್ಲ, ಅಚ್ಚಿಲ್ಲ. ಆದರೂ ಅವನಿಗೆ ಹೆಸರಿದೆ. ಗಾತ್ರ ನೋಡಿ ವಿಂಗಡಿಸಿರಿ, ಮಣ್ಣು ಕೊಡವಿರಿ, ಕೊಟ್ಟ ತೂಕ ಸರಿಯಾಗಿರಲಿ, ಒಪ್ಪಿದ ದಿನಕ್ಕೆ ಮಾಲು ಮುಟ್ಟಿಸಿರಿ. ಖರ್ಚಿಲ್ಲದೆ ಕಟ್ಟಬಹುದಾದ ಹೆಸರು ಇದು.

ಕೊನೆಯ ಮಾತು

ವಡಗಾವಿ ಶಿವಾರಕ್ಕೆ ಇಂದು ಸಂಕಟಗಳು ಹಲವು. ಮಳೆಗಾಲದಲ್ಲಿ ಬಳ್ಳಾರಿ ನಾಲೆಯ ನೀರು ಹೊಲಗಳಿಗೆ ನುಗ್ಗುತ್ತದೆ. ನಗರ ಬೆಳೆದಂತೆ ಹೊಲ ಕಿರಿದಾಗುತ್ತಿದೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆಗೆ ಫಲವತ್ತಾದ ಜಮೀನು ಹೋಗುವುದನ್ನು ಈ ಭಾಗದ ರೈತರು ವಿರೋಧಿಸಿ ನ್ಯಾಯಾಲಯದವರೆಗೂ ಹೋದರು. ಹೆಸರೊಂದರಿಂದಲೇ ಹೊಲ ಉಳಿಯುತ್ತದೆ ಎಂದು ಹೇಳಲಾಗದು. ಆದರೆ ಎಕರೆಗೆ ಬರುವ ಉತ್ಪನ್ನ ಹೆಚ್ಚಾದರೆ ಮಗನಿಗೆ ಹೊಲ ಮಾರುವ ಆತುರ ಕಡಿಮೆಯಾದೀತು. ಈ ಬೆಳೆ ಈ ನೆಲದ್ದೇ ಎಂದು ದಾಖಲೆಯಲ್ಲಿ ಬರೆದಿದ್ದರೆ, ಹೊಲದ ಪರವಾಗಿ ಮಾತನಾಡುವವರಿಗೆ ಒಂದು ಆಧಾರವೂ ಸಿಕ್ಕೀತು.

ಇದಕ್ಕೆ ವಿರುದ್ಧವಾದದ್ದನ್ನೂ ಯೋಚಿಸಿರಿ. ಶುದ್ಧ ಬೀಜ ಕಳೆದುಹೋಗಿ, ಹೊಲಗಳು ನಿವೇಶನವಾಗಿ, ಹೆಸರು ಮಾತ್ರ ಉಳಿದರೆ? ಎಲ್ಲಿಯದೋ ಅಕ್ಕಿ ಈ ಊರಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ‘ಹೆಸರಿಗೆ ಹೊನ್ನ ಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ’ ಎಂಬ ಗಾದೆ ನಮ್ಮ ಊರಿಗೇ ಅನ್ವಯಿಸಬಾರದು.

ಆದ್ದರಿಂದ ಬರುವ ಸುಗ್ಗಿಯಲ್ಲಿಯೇ ಮೂರು ಕೆಲಸ ಮಾಡಿರಿ. ಕೊಯ್ಲಿಗೆ ಮುಂಚೆ ತೆನೆ ಆರಿಸಿ ಬೀಜ ತೆಗೆದಿಡಿರಿ. ಹತ್ತಿಪ್ಪತ್ತು ಮಂದಿ ಒಂದು ಕಡೆ ಕೂತು ನಿಮ್ಮ ಅಕ್ಕಿಗೆ ಯಾವ ಹೆಸರೆಂದು ತೀರ್ಮಾನಿಸಿರಿ. ಭತ್ತದ ಮಾದರಿ ಹಿಡಿದುಕೊಂಡು ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮುಗದದ ಭತ್ತ ಸಂಶೋಧನಾ ಕೇಂದ್ರ ಅಥವಾ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕಂಡು ಸಲಹೆ ಪಡೆಯಿರಿ. ಹಿರಿಯರು ಬೀಜ ಉಳಿಸಿ ಕೊಟ್ಟಿದ್ದಾರೆ. ಅದಕ್ಕೆ ಅದರದೇ ಹೆಸರು ಇಟ್ಟು ಮಕ್ಕಳ ಕೈಗೆ ಒಪ್ಪಿಸುವುದು ನಮ್ಮ ಪಾಲಿನ ಕೆಲಸ.